ಏನೂ ಮಾಡಬಾರದ ಬೀದಿ

ನಾನು ಪಾಠ ಮಾಡುವ ಸುಸ್ಥಿರತಾ ಅಧ್ಯಯನ ವಿಭಾಗದಲ್ಲಿ ನೀರಿಗೆ ಬರ, ಕುರ್ಚಿಗೆ ಬರ, ಒಮ್ಮೊಮ್ಮೆ ವಿದ್ಯಾರ್ಥಿಗಳಿಗೂ ಬರ. ನಗುವ ಸಂಗತಿಗಳಿಗೆ ಮಾತ್ರ ಇದುವರೆಗೆ ಬರ ಬಂದಿಲ್ಲ. ಹಲವು ಶಾಸ್ತ್ರದವರು ಕೂಡಿ ಕೆಲಸ ಮಾಡುವ ಜಾಗ ನಮ್ಮದು. ಬೇರೆ ಕಡೆ ಒಬ್ಬರೇ ಮಾಡಿ ಮುಗಿಸುವ ತಪ್ಪನ್ನು ಇಲ್ಲಿ ಮೂವರು ಸೇರಿ, ಮಿನಿಟ್ಸ್ ಬರೆದು ಮಾಡುತ್ತೇವೆ.

ಕಳೆದ ವರ್ಷ ಆ ಮೂವರು ಎಂದರೆ ಒಬ್ಬ ಎಂಜಿನಿಯರು, ಒಬ್ಬ ಅರ್ಥಶಾಸ್ತ್ರಜ್ಞರು, ಸಮಾಜಶಾಸ್ತ್ರದವನಾದ ನಾನು. ನಮ್ಮ ಮೂವರ ಕೈಗೂ ಸಿಕ್ಕಿಬಿದ್ದವಳು ಒಬ್ಬಳೇ ಸಂಶೋಧನಾ ವಿದ್ಯಾರ್ಥಿನಿ. ಅವಳ ವಿಷಯ ಸರಳವಾಗಿತ್ತು. ಜಯನಗರದ ಒಂದು ಬೀದಿಯವರಿಗೆ ಅಡುಗೆಮನೆ ಕಸದಿಂದ ಗೊಬ್ಬರ ಮಾಡಲು ಕಲಿಸುವುದು, ಪಕ್ಕದ ಬೀದಿಯವರಿಗೆ ಏನೂ ಕಲಿಸದೆ ಬಿಡುವುದು, ಆರು ತಿಂಗಳು ಎರಡೂ ಬೀದಿಯ ಹಸಿ ಕಸವನ್ನು ತೂಗುವುದು. ಕಲಿಸಿದ ಬೀದಿಯಲ್ಲಿ ಕಸ ಕಡಿಮೆಯಾದರೆ ಪಿಎಚ್‌ಡಿ. ಜೂನ್ ಒಳಗೆ ಡಿಗ್ರಿ ತಂದರೆ ಕೆಲಸ ನಿಮ್ಮದೇ ಎಂದು ಬಿಳೇಕಹಳ್ಳಿ ಕಡೆಯ ಕಾಲೇಜೊಂದು ಅವಳಿಗೆ ಹೇಳಿತ್ತು. ಹೀಗೆ ಅವಳ ಮುಂದಿನ ಬದುಕು ಜಯನಗರದವರ ಸೌತೆಕಾಯಿ ಸಿಪ್ಪೆಯ ಮೇಲೆ ನಿಂತಿತ್ತು.

ಡಬ್ಬ

ಮೊದಲು ಗೊಬ್ಬರದ ಡಬ್ಬ ಆಗಬೇಕಿತ್ತು. ಗಾಳಿಯಾಡುವ ತೂತುಗಳ ನಡುವಿನ ಅಂತರ ಲೆಕ್ಕ ಹಾಕಲು ಎಂಜಿನಿಯರು ಮೂರು ವಾರ ಕೇಳಿದರು. ಪುಕ್ಕಟೆ ಕೊಟ್ಟ ಡಬ್ಬಕ್ಕೆ ಮರ್ಯಾದೆ ಇರುವುದಿಲ್ಲ ಎಂದು ಅರ್ಥಶಾಸ್ತ್ರಜ್ಞರು ಎಚ್ಚರಿಸಿದರು. ನಾನು, ಮನೆಯಲ್ಲಿ ಮುಚ್ಚಳ ತೆಗೆಯುವವರು ಯಾರು, ಯಾವಾಗಲೂ ಅವರೇ ಯಾಕೆ, ಎಂಬ ಪ್ರಶ್ನೆ ಎತ್ತಿದೆ. ಬಹಳ ಒಳ್ಳೆಯ ಪ್ರಶ್ನೆ. ಎತ್ತಿದ ಜಾಗದಲ್ಲೇ ಇನ್ನೂ ಇದೆ.

ಐದನೇ ಸಭೆಗೆ ಕಾಫಿ ತಂದ ನಮ್ಮ ಆಫೀಸಿನ ಸಹಾಯಕಿ, ಇಟ್ಟಮಡುವಿನವರು, ತಟ್ಟೆ ಹಿಡಿದೇ ನಿಂತರು. "ಏನ್ ಸಾರ್, ಎರಡು ತಿಂಗಳಿಂದ ಡಬ್ಬ ಡಬ್ಬ ಅಂತಿದೀರ? ನಮ್ಮನೇಲಿ ಹಳೇ ಪೇಂಟ್ ಡಬ್ಬಕ್ಕೆ ಮೊಳೆ ಕಾಯ್ಸಿ ಏಳೆಂಟು ತೂತು ಹೊಡ್ದಿದೀವಿ. ಗೊಬ್ಬರ ಆಗ್ತದೆ."

ಮೂರೂ ಶಾಸ್ತ್ರಗಳು ಮೊದಲ ಬಾರಿಗೆ ಒಮ್ಮತಕ್ಕೆ ಬಂದವು. ಮಿನಿಟ್ಸ್‌ನಲ್ಲಿ 'ಸ್ಥಳೀಯ ಜ್ಞಾನ' ಎಂದು ಬರೆದೆವು. ಏಳೋ ಎಂಟೋ ಎಂದು ತೀರ್ಮಾನಿಸಲು ಆರನೇ ಸಭೆ ಕರೆದೆವು.

ಬಂದವರಿಗೆ ಮರ್ಯಾದೆ

ತೂಗುವ ಕೆಲಸ ಶುರುವಾಯಿತು. ಹುಡುಗಿ ದಿನಾ ಬೆಳಿಗ್ಗೆ ಕೊಕ್ಕೆ ತಕ್ಕಡಿ ಹಿಡಿದು ಸ್ಕೂಟರಿನಲ್ಲಿ ಹೋಗುತ್ತಿದ್ದಳು. ಕಲಿಸುವ ಬೀದಿಯ ಒಂದು ಮನೆಯಲ್ಲಿ ಮಾತ್ರ ಕಸದ ತೂಕ ವಿಪರೀತ. ಹೋಗಿ ನೋಡಿದರೆ ಮನೆಯಾಕೆ ಸಿಂಕಿನ ಮುಂದೆ ನಿಂತು ಬೀನ್ಸ್ ನಾರನ್ನು ಎರಡು ನೀರಲ್ಲಿ ತೊಳೆಯುತ್ತಿದ್ದರು.

"ಆಂಟಿ, ಕಸ ಯಾಕೆ ತೊಳೀತೀರ?"

"ಯೂನಿವರ್ಸಿಟಿಯಿಂದ ಬರ್ತೀರ. ನಿಮ್ಮ ಕೈಗೆ ಗಲೀಜು ಕೊಡೋಕಾಗುತ್ತೇನಮ್ಮ?"

ನೀರಿನ ತೂಕವೂ ಸೇರಿಬಿಡುತ್ತೆ, ಹಾಗೆ ಮಾಡಬೇಡಿ ಎಂದು ಇವಳು ಕೈಮುಗಿದು ಹೇಳಿ ಬಂದಳು. ಆಕೆಗೆ ಅರ್ಥವಾಯಿತು. ಮರುದಿನದಿಂದ ತೊಳೆದು, ತಾರಸಿಯ ಮೇಲೆ ಸಂಡಿಗೆಯ ಹಾಗೆ ಒಣಗಿಸಿ ಕೊಡತೊಡಗಿದರು.

ಕಸವಿಲ್ಲದ ಮನೆ

ವಾರದ ತೂಕದ ಪಟ್ಟಿಯನ್ನು ಕಲಿಸುವ ಬೀದಿಯ ನೋಟಿಸ್ ಬೋರ್ಡಿಗೆ ಅಂಟಿಸುತ್ತಿದ್ದೆವು. ಅಲ್ಲೊಬ್ಬರು ನಿವೃತ್ತ ಬ್ಯಾಂಕ್ ಮ್ಯಾನೇಜರು ಸತತವಾಗಿ ಮೂರು ವಾರ ಸೊನ್ನೆ ತೆಗೆದರು. ಅರ್ಥಶಾಸ್ತ್ರಜ್ಞರು ಅವರ ಮನೆಯ ಬಗ್ಗೆಯೇ ಒಂದು ಪ್ರಬಂಧ ಬರೆಯಲು ಕೂತರು.

ಒಂದು ದಿನ ಬಸ್ ಸ್ಟಾಪಿನಲ್ಲಿ ಅವರು ನಮ್ಮ ಹುಡುಗಿಯ ಕಣ್ಣಿಗೆ ಬಿದ್ದರು. ಕೈಯಲ್ಲಿ ಬ್ಯಾಗು, ಬ್ಯಾಗಿನಿಂದ ಹೊರಗೆ ಬಾಳೆಹಣ್ಣಿನ ಸಿಪ್ಪೆ.

"ಎಲ್ಲಿಗೆ ಅಂಕಲ್?"

"ಬಿಟಿಎಂನಲ್ಲಿ ಮಗಳ ಮನೆ ಇದೆ. ಅಲ್ಲಿಗೆ ನಿಮ್ಮ ಸರ್ವೇ ಬಂದಿಲ್ಲ."

ಇವಳು ಸಿಪ್ಪೆಯನ್ನೂ ಅವರನ್ನೂ ಬದಲಾಯಿಸಿ ಬದಲಾಯಿಸಿ ನೋಡಿದಳು. ಅವರು ದನಿ ತಗ್ಗಿಸಿ ಸಮಾಧಾನ ಮಾಡಿದರು: "ಗಾಬರಿಯಾಗ್ಬೇಡಮ್ಮ. ಪರಿಸರದ ವಿಷಯ ನನಗೂ ಗೊತ್ತಿದೆ. ಕಾರ್ ತೆಗೆಯೋದಿಲ್ಲ, ಬಸ್ಸಲ್ಲೇ ಹೋಗ್ತೀನಿ."

ಮೂರು ಉಪನ್ಯಾಸ

ನಾಲ್ಕು ತಿಂಗಳಾದರೂ ಕಲಿಸುವ ಬೀದಿಯ ತೂಕ ಇಳಿಯಲಿಲ್ಲ. ಹುಡುಗಿಯ ತೂಕ ಇಳಿಯಿತು. ನಾವು ಮೂವರೂ ಆ ಬೀದಿಗೆ ಹೋಗಿ ಒಂದೊಂದು ಉಪನ್ಯಾಸ ಕೊಟ್ಟಾಗಿತ್ತು. ಜನ ಗಮನವಿಟ್ಟು ಕೇಳಿದ್ದರು, ಕೆಲವರು ನೋಟ್ಸ್ ಕೂಡ ಮಾಡಿಕೊಂಡಿದ್ದರು. ಏನು ತಪ್ಪಿದೆ ನೋಡೋಣವೆಂದು ಮನೆಮನೆಗೆ ಹೋದರೆ ಡಬ್ಬಗಳು ಫಳಫಳ ಹೊಳೆಯುತ್ತಿದ್ದವು. ಒಂದರಲ್ಲಿ ಅಕ್ಕಿ ಇತ್ತು.

"ಇನ್ನೂ ಶುರು ಮಾಡಿಲ್ವಾ ಸಾರ್?" ಎಂದು ಕೇಳಿದೆ, ಮುಂದಿನ ಸಾಲಿನಲ್ಲಿ ಕೂತು ನೋಟ್ಸ್ ಬರೆದುಕೊಂಡಿದ್ದ ಒಬ್ಬರನ್ನು.

"ಮಾಡೋಣ ಅಂತಲೇ ಇದ್ವಿ. ನಿಮ್ಮ ಲೆಕ್ಚರ್ ಕೇಳಿದ ಮೇಲೆ ಇದು ಇಷ್ಟು ಕಷ್ಟ ಅಂತ ಗೊತ್ತಾಯ್ತು."

ಪಕ್ಕದ ಬೀದಿ

ಇದಕ್ಕಿಂತ ಕೆಟ್ಟ ಸುದ್ದಿ ಕಲಿಸದೆ ಬಿಟ್ಟ ಬೀದಿಯಿಂದ ಬಂತು. ಅಲ್ಲಿ ಕಸ ತಿಂಗಳಿಂದ ತಿಂಗಳಿಗೆ ಇಳಿಯುತ್ತಿತ್ತು. ತಕ್ಕಡಿ ಕೆಟ್ಟಿರಬೇಕು ಎಂದರು ಎಂಜಿನಿಯರು. ಹೊಸ ತಕ್ಕಡಿ ತಂದೆವು. ಇನ್ನೂ ಇಳಿಯಿತು.

ಹುಡುಗಿ ಆ ಬೀದಿಯ ಹಿರಿಯ ಮಹಿಳೆಯೊಬ್ಬರನ್ನು ಹಿಡಿದು ಕೂರಿಸಿದಳು. "ಆಂಟಿ, ನೀವು ಏನೂ ಮಾಡಬಾರದು ಅಂತ ಹೇಳಿದ್ನಲ್ಲ?"

"ಹೇಳಿದೆ. ಆ ಬೀದಿಯವರಿಗೆ ಡಬ್ಬ, ಭಾಷಣ, ಬಿಸ್ಕತ್ತು. ನಮಗೆ 'ಹೇಗಿದ್ದೀರೋ ಹಾಗೇ ಇರಿ'. ನಾವೇನು ದಡ್ಡರಾ?"

ಆಕೆ ಮಹಡಿಗೆ ಕರೆದೊಯ್ದರು. ಸಾಲಾಗಿ ಬಕೆಟ್ಟು, ತೆಂಗಿನ ನಾರು, ಕಪ್ಪು ಗೊಬ್ಬರ. ಪಕ್ಕದಲ್ಲಿ ಒಂದಾಳೆತ್ತರ ಕರಿಬೇವು. "ನಿನಗೆ ಗೊತ್ತಾದ್ರೆ ಬೇಜಾರಾಗ್ತೀಯ ಅಂತ ಮೇಲೆ ಇಟ್ಟಿದ್ವಿ."

"ಎಷ್ಟು ಮನೇಲಿ ಹೀಗೆ ಮಾಡ್ತಿದೀರ?"

"ಎಲ್ಲಾ ಮನೇಲೂ. ಕೊನೇ ಮನೆಗೆ ಹೊಸದಾಗಿ ಬಾಡಿಗೆಗೆ ಬಂದ್ರು. ಪಾಪ, ಬಂದ ದಿನವೇ ಅವರಿಗೂ ಏನೂ ಮಾಡಬಾರದು ಅಂತ ಹೇಳಿ, ಹೇಗೆ ಮಾಡೋದು ಅಂತ ತೋರಿಸಿಕೊಟ್ವಿ."

ವಿದ್ಯಾರ್ಥಿನಿ ಅಲ್ಲೇ ಕರಿಬೇವಿನ ಕೆಳಗೆ ಕೂತು ಅತ್ತಳು. ಆಕೆ ಇವಳ ಕಣ್ಣೊರೆಸಿ, ಹೊರಡುವಾಗ ಅರ್ಧ ಕೇಜಿ ಗೊಬ್ಬರ ಕಟ್ಟಿಕೊಟ್ಟರು.

ವೈವಾ

ಬೀದಿಗಳ ಹೆಸರು ಅದಲುಬದಲು ಮಾಡಿಬಿಟ್ಟರೆ ಹೇಗೆ ಎಂದು ನಮ್ಮಲ್ಲೊಬ್ಬರು ಕಿಟಕಿಯ ಹೊರಗೆ ನೋಡುತ್ತಾ ಕೇಳಿದರು. ಯಾರೆಂದು ಹೇಳುವುದಿಲ್ಲ, ನಾನು ಇಂದಿಗೂ ಅವರ ಜೊತೆಯೇ ಊಟ ಮಾಡುತ್ತೇನೆ. ಹುಡುಗಿ ಒಪ್ಪಲಿಲ್ಲ. "ಆಗಿದ್ದನ್ನೇ ಬರೀತೀನಿ ಸಾರ್. ಕೆಲಸ ಹೋದ್ರೆ ಹೋಗ್ಲಿ." ಬರೆದೂ ಬರೆದಳು, ಬಸ್ಸಿನಲ್ಲಿ ಹೋದ ಸಿಪ್ಪೆಯ ಸಮೇತ.

ಮೇ ತಿಂಗಳಲ್ಲಿ ವೈವಾ. ಹೊರಗಿನಿಂದ ಬಂದ ಪರೀಕ್ಷಕರು ವಯಸ್ಸಾದ ಪ್ರೊಫೆಸರು. ನಾವು ಮೂವರು ಮಾರ್ಗದರ್ಶಕರು ಹಿಂದೆ ಸಾಲಾಗಿ ಕೂತಿದ್ದೆವು. ಅವರು ಕೊನೆಯ ಅಧ್ಯಾಯ ತೆರೆದು, ಕನ್ನಡಕ ತೆಗೆದು, ಹುಡುಗಿಯನ್ನು ನೋಡಿದರು.

"ಈ ಮೂವರು ಪ್ರೊಫೆಸರುಗಳು ಹೋಗಿ ಪಾಠ ಮಾಡಿದ ಬೀದಿಯಲ್ಲಿ ಯಾರೂ ಏನೂ ಕಲೀಲಿಲ್ಲ?"

"ಇಲ್ಲ ಸಾರ್."

"ಇವರು ಕಾಲೇ ಇಡದ ಬೀದಿಯಲ್ಲಿ ಎಲ್ಲರೂ ಕಲಿತರು?"

"ಹೌದು ಸಾರ್," ಎಂದಳು.

ಅವರು ನಮ್ಮ ಮೂವರ ಮುಖವನ್ನೂ ಒಂದು ಸುತ್ತು ನೋಡಿ, ಪೆನ್ನು ಕೇಳಿ, ಡಿಗ್ರಿ ಕೊಡಬಹುದು ಎಂದು ಬರೆದು ಸಹಿ ಹಾಕಿದರು.

"ಪಾಠ ಮಾಡೋ ನಮಗೆಲ್ಲ ಈ ವಿಷಯ ಮೊದಲಿಂದ ಗೊತ್ತಿದ್ದದ್ದೇ ಕಣಮ್ಮ," ಎಂದರು. "ತೂಕ ಹಾಕಿ ತೋರಿಸಿದವಳು ನೀನೇ ಮೊದಲು."