ಕಾವಿಗೆ ಕೂತ ಕಂಪ್ಯೂಟರ್

ಅರ್ಥವಾಗದ ಕೆಲಸಗಳಿಗೆ ನಾನು ಬಹಳ ಬೇಗ ಒಪ್ಪಿಕೊಳ್ಳುತ್ತೇನೆ. ಅರ್ಥವಾದ ಕೆಲಸವಾದರೆ ಅದರ ಕಷ್ಟ ಕಣ್ಣಿಗೆ ಕಾಣುತ್ತದೆ, ಬೇಡವೆನ್ನಲು ಒಂದು ಕಾರಣ ಸಿಗುತ್ತದೆ. ತಲೆಬುಡ ತಿಳಿಯದ ಕೆಲಸಕ್ಕೆ ಬೇಡವೆನ್ನುವುದು ಹೇಗೆ? ಹೀಗೆ ಒಪ್ಪಿಕೊಂಡೇ ನಾನು ಒಮ್ಮೆ ನಮ್ಮ ಓಣಿಯ ವಾಲಿಬಾಲ್ ಪಂದ್ಯಕ್ಕೆ ಅಂಪೈರ್ ಆಗಿ ಎರಡೂ ತಂಡದವರಿಂದ ಬೈಸಿಕೊಂಡಿದ್ದೇನೆ. ಹೀಗೆ ಒಪ್ಪಿಕೊಂಡೇ, ಹೊಸ ಶತಮಾನ ಶುರುವಾಗಿ ನಾಲ್ಕೈದು ವರ್ಷವಾಗಿದ್ದಾಗ, ಕರ್ನಲ್ ಉಪಕರಣವೊಂದರ ಉಸ್ತುವಾರಿಯನ್ನು ತಲೆಯ ಮೇಲೆ ಎಳೆದುಕೊಂಡೆ.

ಆಗ ನಾನು ಸಿಂದಗಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದೆ. ದೇಶದೇಶದ ಜನ ಸೇರಿ ಕಟ್ಟಿ, ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಿಕೊಳ್ಳಿ ಎಂದು ಬಿಟ್ಟುಕೊಟ್ಟ ಆಪರೇಟಿಂಗ್ ಸಿಸ್ಟಮ್ ಒಂದಿತ್ತು. ಅದರ ಒಳತಿರುಳಿಗೆ ಕರ್ನಲ್ ಎನ್ನುತ್ತಾರೆ. ಆ ಕರ್ನಲ್ ಕೆಟ್ಟು ನಿಂತಾಗ ಎಲ್ಲಿ ನಿಂತಿತು, ಏಕೆ ನಿಂತಿತು ಎಂದು ಒಳಗೆ ಇಣುಕಿ ನೋಡಲು ಒಂದು ಸಣ್ಣ ಪ್ರೋಗ್ರಾಮು ಇತ್ತು. ಅದರ ಸಹಾಯಪುಟದಲ್ಲಿ ಎರಡು ಸ್ಪೆಲಿಂಗ್ ತಪ್ಪು ಕಂಡು, ಮೇಷ್ಟ್ರ ಚಾಳಿಯಲ್ಲವೇ, ತಿದ್ದಿ ಕಳಿಸಿದೆ. ಅದನ್ನು ನೋಡಿಕೊಳ್ಳುತ್ತಿದ್ದ ಪರದೇಶದ ಪುಣ್ಯಾತ್ಮ ಮೂರನೇ ದಿನ ಉತ್ತರ ಬರೆದ: ‘ನಿಮ್ಮ ಕಾಳಜಿ ಕಂಡು ಸಂತೋಷವಾಯಿತು. ನನಗೆ ಅವಳಿ ಮಕ್ಕಳು ಹುಟ್ಟಿವೆ. ಇನ್ನು ಮುಂದೆ ಇದನ್ನು ನೀವೇ ನೋಡಿಕೊಳ್ಳಬಹುದೇ?’ ಅವಳಿ ಮಕ್ಕಳಿಗೂ ಈ ಉಪಕರಣಕ್ಕೂ ಏನು ಸಂಬಂಧವೆಂದು ತಿಳಿಯದೆ ನಾನು ‘ಆಗಲಿ’ ಎಂದು ಬರೆದುಬಿಟ್ಟೆ.

ಮನೆಗೆ ಬಂದು ಹೆಂಡತಿ ಶಾರದೆಗೆ ಹೆಮ್ಮೆಯಿಂದ ಹೇಳಿದೆ.

“ಕೆಟ್ಟದ್ದನ್ನ ರಿಪೇರಿ ಮಾಡತೀರೇನು?” ಎಂದಳು.

“ಹಂಗಲ್ಲ. ಕೆಟ್ಟದ್ದು ಏನಂತ ನೋಡಾಕ ಒಂದು ಸಾಮಾನು ಐತಿ. ಆ ಸಾಮಾನು ಕೆಡದಂಗ ನೋಡ್ಕೋತೇನಿ.”

ಅವಳು ಕಾಯಿಪಲ್ಲೆ ಹೆಚ್ಚುವುದನ್ನು ನಿಲ್ಲಿಸಿ ಯೋಚಿಸಿದಳು. “ಮತ್ತ ಆ ಸಾಮಾನ ಕೆಟ್ರ, ಅದನ್ನ ಯಾತರಿಂದ ನೋಡ್ತೀರಿ?”

ನಾನು ಕೈಗೆ ಸಿಕ್ಕ ಈರುಳ್ಳಿಯೊಂದನ್ನು ಸುಲಿಯತೊಡಗಿದೆ. ಅವಳು ಮತ್ತೆ ಹೆಚ್ಚತೊಡಗಿದಳು.

ಎಂಟು ತಿಂಗಳು ಎಲ್ಲವೂ ಸುಸೂತ್ರವಾಗಿತ್ತು, ಏಕೆಂದರೆ ನಾನು ಏನನ್ನೂ ಮುಟ್ಟಿರಲಿಲ್ಲ. ಆಮೇಲೆ ಇಂಗ್ರಿಡ್ ಎಂಬ ಹೆಂಗಸಿನ ಪತ್ರ ಬಂತು. ಅವಳು ಸಮುದ್ರದಂಡೆಯ ಯಾವುದೋ ಊರಿನಲ್ಲಿ ಅಲೆಗಳ ಎತ್ತರ ಅಳೆಯುವ ಯಂತ್ರಗಳನ್ನು ನೋಡಿಕೊಳ್ಳುವವಳು. ‘ನಿಮ್ಮ ಉಪಕರಣ ಹಾಕಿದಾಗಿನಿಂದ ನಮ್ಮ ಯಂತ್ರ ಇದ್ದಕ್ಕಿದ್ದಂತೆ ಕಲ್ಲಾಗಿ ನಿಲ್ಲುತ್ತದೆ’ ಎಂದು ಬರೆದಿದ್ದಳು. ರೋಗ ಪತ್ತೆಮಾಡಬೇಕಾದ ಉಪಕರಣವೇ ರೋಗವಾಗಿತ್ತು. ಕಾಲೇಜಿನ ಕಂಪ್ಯೂಟರಿನಲ್ಲಿ ಹಾಕಿ ನೋಡಿದೆ, ಏನೂ ಆಗಲಿಲ್ಲ. ‘ಇಲ್ಲಿ ಚೆನ್ನಾಗಿಯೇ ಇದೆ’ ಎಂದು ಬರೆದೆ. ‘ಇಲ್ಲಿ ಇಲ್ಲ’ ಎಂದು ಅವಳು ಬರೆದಳು. ಈ ಪತ್ರವ್ಯವಹಾರ ಆರು ಸುತ್ತು ನಡೆದ ಮೇಲೆ ಇಡೀ ಕರ್ನಲ್ಲಿನ ಉಸ್ತುವಾರಿ ಹೊತ್ತ ಹಿರಿಯರೊಬ್ಬರು ನಡುವೆ ಬಾಯಿ ಹಾಕಿದರು: ‘ನಾಲ್ಕು ತಿಂಗಳಲ್ಲಿ ಇದು ಸರಿಹೋಗದಿದ್ದರೆ ಉಪಕರಣವನ್ನೇ ಕಿತ್ತುಹಾಕುತ್ತೇವೆ.’ ಮತ್ತೊಬ್ಬರ ಕೂಸನ್ನು ಸಾಕಲು ಒಪ್ಪಿಕೊಂಡು ಅದನ್ನು ಸಂತೆಯಲ್ಲಿ ಕಳೆದುಕೊಂಡವನ ಹಾಗಾಯಿತು ನನ್ನ ಸ್ಥಿತಿ.

ಇಂಗ್ರಿಡ್ಡಳ ಪತ್ರಗಳನ್ನು ಮತ್ತೆ ಮತ್ತೆ ಓದಿದಾಗ ಒಂದು ಸಂಗತಿ ಕಂಡಿತು. ಅವಳ ಯಂತ್ರ ನಿಂತದ್ದು ಮೂರು ಸಲ. ಮೂರು ಸಲವೂ, ಚಾಲೂ ಮಾಡಿದ ಮೇಲೆ ಹೆಚ್ಚುಕಡಿಮೆ ಐವತ್ತು ದಿನಕ್ಕೆ. ಏಕೆ ಐವತ್ತು ಎಂದು ತಿಳಿಯಲಿಲ್ಲ. ನಮ್ಮಲ್ಲಿ ಏಕೆ ನಿಲ್ಲುವುದಿಲ್ಲ ಎಂಬುದು ಮಾತ್ರ ತಟ್ಟನೆ ತಿಳಿಯಿತು. ಸಿಂದಗಿಯಲ್ಲಿ ಕರೆಂಟು ಐದು ತಾಸು ಸತತವಾಗಿ ಇದ್ದರೆ ಜನ ಬಾಗಿಲಿಗೆ ಬಂದು ಕಂಬ ನೋಡುತ್ತಿದ್ದ ಕಾಲ ಅದು. ಐವತ್ತು ದಿನ ಬದುಕಿದರೆ ತಾನೇ ಐವತ್ತನೆಯ ದಿನ ಸಾಯುವುದು!

ಹಾಗಾಗಿ ಕರೆಂಟು ಹೋಗದ ಜಾಗ ಹುಡುಕಲು ಹೊರಟೆ. ಬೇಕಾದದ್ದು ಎರಡು ಕಂಪ್ಯೂಟರ್: ಒಂದು ಸಾಯಲಿಕ್ಕೆ, ಇನ್ನೊಂದು ಅದನ್ನು ನೋಡಲಿಕ್ಕೆ, ನಡುವೆ ಒಂದು ವಾಯರು. ಇಂಡಿ ಊರಿನಲ್ಲಿ ಟೈಪಿಂಗ್ ಕ್ಲಾಸು ನಡೆಸುತ್ತಿದ್ದ ನನ್ನ ಚಿಕ್ಕಪ್ಪನ ಮಗ ಎರಡನ್ನೂ ಕೊಟ್ಟು, ಮೂಲೆಯಲ್ಲಿ ಜಾಗವನ್ನೂ ಕೊಟ್ಟ. ಅಲ್ಲಿದ್ದ ಬ್ಯಾಟರಿ ಒಂಬತ್ತನೆಯ ದಿನ ಕೈಕೊಟ್ಟಿತು. ಅಲ್ಲಿಂದ ಮುದ್ದೇಬಿಹಾಳದ ಮಾವನ ಮನೆಗೆ ಒಯ್ದೆ. ಅಲ್ಲಿ ಹೊಸ ಇನ್ವರ್ಟರ್ ಇತ್ತು. ಬಸ್ಸಿನಲ್ಲಿ ಕಂಡಕ್ಟರು, “ಎರಡೆರಡು ಟೀವಿ ಯಾಕ್ರಿ? ಮನ್ಯಾಗ ಜಗಳ ಹತ್ತೇತೇನು?” ಎಂದು ಕೇಳಿದ. ನಿಜ ಹೇಳುವುದಕ್ಕಿಂತ ಹೌದೆನ್ನುವುದು ಸುಲಭವಾಗಿ ಕಂಡಿತು.

ನಮ್ಮ ಮಾವನವರು ಅಭಿಮಾನಿ ಮನುಷ್ಯ. ಬಂದವರಿಗೆಲ್ಲ, “ನಮ್ಮ ಅಳಿಯಾ ಕರ್ನಲ್ ಮಾಡಿದ ತಪ್ಪ ಹಿಡಿಯಾಕತ್ತಾರ” ಎಂದು ಹೇಳಿದರು. ಓಣಿಯಲ್ಲಿದ್ದ ನಿವೃತ್ತ ಸುಬೇದಾರರೊಬ್ಬರು ಮೀಸೆ ತೀಡುತ್ತ ಬಂದೇಬಿಟ್ಟರು. “ಕರ್ನಲ್ ಸಾಹೇಬರ ತಪ್ಪ ಹಿಡಿಯಾಂವ ನೀ ಯಾರಪಾ? ಯಾವ ರೆಜಿಮೆಂಟು?” ಅವರಿಗೆ ತಿಳಿಸಿಹೇಳಲು ನನಗೆ ಅರ್ಧ ದಿನ ಹಿಡಿಯಿತು. ಕೊನೆಗೆ ಅವರು, “ತಿಳೀತು ಬಿಡು. ಆದ್ರೂ ಹುಷಾರ್, ಅವರು ದೊಡ್ಡಾವ್ರು” ಎಂದು ಹೋದರು. ಹನ್ನೆರಡನೆಯ ದಿನ ನಮ್ಮ ಅತ್ತೆಯವರು ಶೇಂಗಾ ಚಟ್ನಿಗೆ ಮಿಕ್ಸರ್ ಹಾಕಲು ನನ್ನ ಪ್ಲಗ್ಗನ್ನು ಕಿತ್ತರು. ಚಟ್ನಿ ಬಹಳ ಚೆನ್ನಾಗಿತ್ತು.

ಗಡುವು ಕರಗುತ್ತಿತ್ತು. ಆಗ ನಮ್ಮ ಕಾಲೇಜಿನ ಗ್ರಂಥಪಾಲಕಿ ತಮ್ಮ ಅಕ್ಕ ನೀಲಮ್ಮನವರ ಹೆಸರು ಹೇಳಿದರು. ಬಸವನ ಬಾಗೇವಾಡಿಯಲ್ಲಿ ಅವರದು ಕೋಳಿಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡುವ ಘಟಕ. ಕಾವು ತಪ್ಪಿದರೆ ಮೊಟ್ಟೆಯೆಲ್ಲ ಹಾಳು. ಅದಕ್ಕಾಗಿ ಬ್ಯಾಟರಿಗಳ ಸಾಲು, ಅದರ ಹಿಂದೆ ಜನರೇಟರು. ಐವತ್ತು ದಾಟಿದ, ಗಟ್ಟಿ ದನಿಯ ಹೆಂಗಸು. ನನ್ನ ಗಂಟುಮೂಟೆ ನೋಡಿ ಕೇಳಿದರು:

“ಏನ್ ಐತ್ರಿ ಸರ್ ಇದರೊಳಗ?”

“ಒಂದು ತಪ್ಪು ಐತ್ರಿ. ಐವತ್ತು ದಿವಸಕ್ಕ ಹೊರಗ ಬರ್ತೈತಿ.”

“ಕೋಳಿ ತತ್ತಿ ಇಪ್ಪತ್ತೊಂದಕ್ಕ ಒಡೀತಾವ. ಬಾತುಕೋಳಿದು ಇಪ್ಪತ್ತೆಂಟು. ಐವತ್ತಂದ್ರ ಇದ್ಯಾವ ಹಕ್ಕಿರಿ?”

ಆದರೂ ಜಾಗ ಕೊಟ್ಟರು. ಮಾಡಬೇಕಾದದ್ದು ಇಷ್ಟೇ ಎಂದೆ: ದಿನಕ್ಕೆ ಎರಡು ಸಲ ಪರದೆಯ ಮೇಲಿನ ಗಡಿಯಾರ ನೋಡಿ ವಹಿಯಲ್ಲಿ ಬರೆದಿಡಬೇಕು, ಅದು ನಿಂತರೆ ಮುಟ್ಟಬಾರದು, ಆರಿಸಬಾರದು, ನನಗೆ ಫೋನ್ ಮಾಡಬೇಕು.

ಪ್ರತಿ ಭಾನುವಾರ ಬಸ್ಸು ಹಿಡಿದು ಹೋಗಿ, ಆ ಬಿಸಿ ಕೋಣೆಯಲ್ಲಿ ಬೆವರುತ್ತ ಕೂತು ಗಡಿಯಾರ ನೋಡುತ್ತಿದ್ದೆ. ನೋಡುವುದರಿಂದ ಏನು ಉಪಯೋಗವೆಂದು ನನಗೂ ಗೊತ್ತಿರಲಿಲ್ಲ. ನೀಲಮ್ಮನವರು ಒಮ್ಮೆ ಮೊಟ್ಟೆಯೊಂದನ್ನು ದೀಪಕ್ಕೆ ಹಿಡಿದು ತೋರಿಸಿದರು: ಒಳಗೆ ಕೆಂಪು ನರಗಳ ಜಾಲ, ನಡುವೆ ಮಿಡಿಯುವ ಒಂದು ಚುಕ್ಕೆ. “ಒಡೀದಂಗ ಒಳಗ ನೋಡಬೇಕ್ರಿ. ಒಡದು ನೋಡಿದ್ರ ಏನ್ ತಿಳೀತೈತಿ, ಸತ್ತದ್ದಷ್ಟ ತಿಳೀತೈತಿ.” ನನ್ನ ಉಪಕರಣ ಏತಕ್ಕಿದೆ ಎಂಬುದು ನನಗೆ ಮೊದಲ ಸಲ ಅರ್ಥವಾದದ್ದು ಆಗಲೇ.

ಮೂವತ್ತನಾಲ್ಕನೆಯ ದಿನ ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಜನರೇಟರಿನ ಬೆಲ್ಟು ಅದೇ ದಿನ ಹರಿಯಿತು. ಬ್ಯಾಟರಿ ಮುಗಿಯುವುದರೊಳಗೆ ನೀಲಮ್ಮ ಹಿಟ್ಟಿನ ಗಿರಣಿಯೊಂದಕ್ಕೆ ಓಡಿ, ಅಲ್ಲಿಯ ಬೆಲ್ಟನ್ನೇ ಬಿಚ್ಚಿಸಿಕೊಂಡು ಬಂದು ಹಾಕಿದರಂತೆ. ನಾನು ಕೃತಜ್ಞತೆಯಿಂದ ತೊದಲಿದಾಗ, “ನಿಮಗಂತ ಓಡಿಲ್ರಿ, ತತ್ತಿ ಸಲುವಾಗಿ ಓಡೀನಿ. ನಿಮ್ಮದೂ ಉಳೀತು” ಎಂದರು.

ಐವತ್ತನೆಯ ದಿನ ನಾನು ಪ್ರಾಂಶುಪಾಲರ ಎದುರಿಗೆ ಕೂತಿದ್ದಾಗ ಫೋನ್ ಬಂತು. ಅವರೇ ಎತ್ತಿ ನನಗೆ ಕೊಟ್ಟರು. “ಸರ್, ನಿಮ್ಮದು ಸತ್ತತ್ರಿ!” ಎಂದು ನೀಲಮ್ಮನವರ ದನಿ ಇಡೀ ಕೋಣೆಗೆ ಕೇಳಿತು. ನಾನು ಎದ್ದು ನಿಂತು, “ಸತ್ತಿತಾ? ಬಾಳ ಚಲೋ ಆತ್ರಿ! ಈಗ ಬಂದೆ!” ಎಂದೆ. ಪ್ರಾಂಶುಪಾಲರು ಮುಖ ಬಿಳಿಚಿಕೊಂಡು, ಯಾರು ಎಂದು ಕೇಳದೆ, ರಜೆಯ ಅರ್ಜಿಯನ್ನು ನನ್ನ ಮುಂದೆ ಸರಿಸಿದರು.

ಎರಡನೆಯ ಕಂಪ್ಯೂಟರಿನಿಂದ ಸತ್ತದ್ದರ ಒಳಗೆ ಇಣುಕಿದಾಗ ಕಾರಣ ಸಿಕ್ಕಿತು. ಉಪಕರಣದೊಳಗೆ ಸೆಕೆಂಡಿಗೆ ಸಾವಿರದಂತೆ ಎಣಿಸುವ ಒಂದು ಲೆಕ್ಕವಿತ್ತು. ಸ್ಕೂಟರಿನ ಮೀಟರು ತುಂಬಿ ಮತ್ತೆ ಸೊನ್ನೆಗೆ ಬರುವಂತೆ ಅದು ಐವತ್ತನೆಯ ದಿನ ತುಂಬಿ ಸೊನ್ನೆಗೆ ಬರುತ್ತಿತ್ತು. ಉಪಕರಣ ಅದನ್ನು ನೋಡಿ, ‘ಇನ್ನೂ ಹೊತ್ತಾಗಿಲ್ಲ’ ಎಂದುಕೊಂಡು ಯಂತ್ರವನ್ನು ಹಿಡಿದು ಕಾಯುತ್ತ ಕೂತುಬಿಡುತ್ತಿತ್ತು. ಒಂದು ಸಾಲು ಬದಲಿಸಿದೆ. ಗಡುವಿಗೆ ಹನ್ನೊಂದು ದಿನ ಉಳಿದಿರುವಾಗ ಕಳಿಸಿದೆ. ಜೊತೆಗೆ ನೀಲಮ್ಮನವರ ವಹಿಯ ಬರಹವನ್ನು ಇಂಗ್ಲಿಷಿಗೆ ತಿರುಗಿಸಿ, ಕೆಳಗೆ ‘ಪರೀಕ್ಷಿಸಿದವರು: ನೀಲಮ್ಮ, ಬಸವನ ಬಾಗೇವಾಡಿ’ ಎಂದು ಸೇರಿಸಿದೆ.

ಹಿರಿಯರು ಒಪ್ಪಿಕೊಂಡರು; ಉಪಕರಣ ಉಳಿಯಿತು. ಅವರ ಉತ್ತರದ ಕೊನೆಯಲ್ಲಿ ಒಂದು ಮಾತಿತ್ತು: ‘ಆ ಲೆಕ್ಕವನ್ನು ಸೊನ್ನೆಯಿಂದ ಶುರುಮಾಡದೆ, ತುಂಬುವ ಹಂತದಿಂದಲೇ ಶುರುಮಾಡಿದ್ದರೆ ಐದು ನಿಮಿಷದಲ್ಲಿ ತಿಳಿಯುತ್ತಿತ್ತಲ್ಲ? ಐವತ್ತು ದಿನ ಏಕೆ ಕಾದಿರಿ?’ ನಾನು ಆ ಪುಟವನ್ನು ಸರಸರನೆ ಮೇಲೆ ಸರಿಸಿದೆ.

ಮಾರನೆಯ ದಿನ ಇಂಗ್ರಿಡ್ ಬರೆದಳು. ಹಿರಿಯರು ಹೇಳಿದಂತೆ ಲೆಕ್ಕವನ್ನು ತುಂಬುವ ಹಂತದಿಂದ ಶುರುಮಾಡಿ ನೋಡಿದಳಂತೆ, ಯಂತ್ರ ನಿಲ್ಲಲಿಲ್ಲವಂತೆ. ನೀಲಮ್ಮನವರ ವಹಿಯ ಸಾಲನ್ನೇ ಎತ್ತಿ ಬರೆದಿದ್ದಳು: ‘“ಬೆಳಿಗ್ಗೆ ಏಳಕ್ಕೆ ನಡೆಯುತ್ತಿತ್ತು. ಹನ್ನೊಂದಕ್ಕೆ ನಿಂತಿದೆ. ಮುಟ್ಟಿಲ್ಲ.” ಇಂತಹ ಸ್ವಚ್ಛವಾದ ವರದಿಯನ್ನು ನಾನು ಈ ಕ್ಷೇತ್ರದಲ್ಲಿ ನೋಡಿಲ್ಲ. ಮುಂದಿನ ಉಸ್ತುವಾರಿಯನ್ನು ನೀಲಮ್ಮನವರೇ ವಹಿಸಿಕೊಳ್ಳಬಹುದೇ ಎಂದು ದಯವಿಟ್ಟು ಕೇಳಿ.’

ಕಂಪ್ಯೂಟರುಗಳನ್ನು ವಾಪಸು ತರಲು ಹೋದಾಗ ನಗೆಚಾಟಿಕೆಯೆಂದು ಇದನ್ನು ನೀಲಮ್ಮನವರಿಗೆ ಹೇಳಿದೆ. ಅವರು ನಗಲಿಲ್ಲ. ಮರಿಗಳ ಬುಟ್ಟಿಯನ್ನು ಕೆಳಗಿಟ್ಟು, “ಏನ್ ಮಾಡಬೇಕ್ರಿ ಅದರಾಗ?” ಎಂದು ಕೇಳಿದರು.

“ಏನಿಲ್ರಿ. ಯಾರರೆ ಕೆಟ್ಟೇತಿ ಅಂತ ಬರೀತಾರ. ಕುಂತು ನೋಡಬೇಕು. ಕಂಡದ್ದು ಕಂಡಂಗ ಬರೀಬೇಕು. ತಿಳೀದಿದ್ರ ಸುಮ್ಮ ಮುಟ್ಟಬಾರದು.”

“ಇಷ್ಟ ಏನ್ರಿ?” ಎಂದರು ನೀಲಮ್ಮ. “ಮತ್ತ ನಿಮಗ್ಯಾಕ ಇಷ್ಟು ತ್ರಾಸಾತು?”

ನಾನು ಎರಡೂ ಕಂಪ್ಯೂಟರುಗಳನ್ನು ಎತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದೆ. ಇಂಗ್ರಿಡ್ಡಳಿಗೆ, ನೀಲಮ್ಮನವರಿಗೆ ಬಿಡುವಿಲ್ಲವಂತೆ ಎಂದು ಬರೆದು ಕಳಿಸಿದೆ.