ಬಾದಾಮಿಯ ಎರಡು ಟಕ್

ನಮ್ಮ ಕಾಕಾಗೆ ಎದುರಿಗೆ ಕೂತವರ ಮಾತು ಎಂದೂ ಕೇಳಿಸುತ್ತಿರಲಿಲ್ಲ. ಕಿವುಡರು ಅಂದುಕೊಂಡಿರಾ? ನೋ, ನೋ! ಬಾದಾಮಿಯಲ್ಲಿ ಗೆಳೆಯ ಕೆಮ್ಮಿದರೆ ಇಳಕಲ್ಲಿನಲ್ಲಿ ಕೂತು, "ಕಷಾಯ ಕುಡಿಲೇ" ಅನ್ನುತ್ತಿದ್ದರು!

ಎಲ್ಲ ಆ ವಾಲ್ವ್ ಸೆಟ್ಟಿನ ಪ್ರತಾಪ. ಎಪ್ಪತ್ತರ ದಶಕದಲ್ಲಿ ಇಬ್ಬರೂ ಸರಕಾರದ ಲೈಸೆನ್ಸ್ ಪಡೆದು ಸ್ವಂತ ಕೈಯಿಂದ ಕಟ್ಟಿಕೊಂಡ ವೈರ್‌ಲೆಸ್. ಸಂಜೆ ಆರಕ್ಕೆ ಮಾತು, ಐದೂವರೆಗೇ ಸ್ವಿಚ್ಚು. ಗಾಜಿನ ವಾಲ್ವುಗಳು ಒಳಗೆ ಕೆಂಪಗಾಗಬೇಕಲ್ಲ! ಅವು ಬಿಸಿಯಾಗುವ ಹೊತ್ತಿಗೆ ನಮ್ಮ ಚಹಾ ಆರಿರುತ್ತಿತ್ತು. ಏರಿಯಲ್ ತಂತಿಯ ಮೇಲೆ ಕಾಕಿ ಒದ್ದೆ ಸೀರೆ ಹಾಕಿದರಂತೂ, "ಬಾದಾಮಿ ಮುಚ್ಚಿಬಿಟ್ಟಿ!" ಎಂದು ಕೂಗಾಟ. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ನನ್ನ ಮ್ಯಾನರ್ಸೆಲ್ಲ ಆ ಮನೆಯಲ್ಲಿ ವೇಸ್ಟ್.

ಒಂದು ವರ್ಷ ಗೆಳೆಯರಿಗೆ ಲಕ್ವಾ ಹೊಡೆದು ಮಾತೇ ನಿಂತಿತು. ಆದರೂ ಆರಕ್ಕೆ ಕಾಕಾ ಮಾತಾಡುವುದು, ಅವರು ಮೈಕಿನ ಗುಂಡಿಯನ್ನು ಎರಡು ಸಲ ಒತ್ತುವುದು. ಟಕ್, ಟಕ್. ಅಂದರೆ, ಇದ್ದೇನಿ. ಅವರ ಇಡೀ ದಿನದ ಮಾತು ಅಷ್ಟೇ.

ಮಹಾನವಮಿಯ ಖಂಡೆಪೂಜೆ, ಅಂದರೆ ಆಯುಧಪೂಜೆ, ಮುಗಿದ ಮರುದಿನ ಸೆಟ್ಟು ಮೂಕಾಯಿತು.

ಕಾಕಾ ಪೆನ್ಸಿಲ್ಲಿನಿಂದ ವಾಲ್ವುಗಳ ತಲೆ ತಟ್ಟಿದರು, ಬೈದರು, ಬಾಗಲಕೋಟೆಯಿಂದ ಕಂಡೆನ್ಸರ್ ತಂದು ಹಾಕಿದರು. ನನ್ನನ್ನು ಮಾಳಿಗೆ ಹತ್ತಿಸಿ ನಾಲ್ಕು ದಿನ ತಂತಿ ಎಳೆಸಿದರು. ನಾನು ಇಂಗ್ಲಿಷ್ ಎಂ.ಎ. ಮಾಡಿದ್ದು ಇದಕ್ಕೇನಾ?

"ಬಸ್ ಹತ್ತಿ ಹೋಗಿ ನೋಡಿ ಬರ್ರಿ ಕಾಕಾ!"

"ಇವತ್ತ ಹೋದೆ ಅನ್ನು. ನಾಳಿ ಆರಕ್ಕ? ನಾಡದ ಆರಕ್ಕ? ಅಂವ ಗುಂಡಿ ಹಿಡಕೊಂಡು ಕುಂತಿರ್ತಾನ."

ಐದನೆಯ ದಿನ ನನಗೆ ರೇಗಿ ಹೋಯಿತು. ಸ್ವಿಚ್ಚು ಆರಿಸಿ ನಡುವಿನ ದೊಡ್ಡ ವಾಲ್ವನ್ನೇ ಕಿತ್ತೆ. ಬುಡದ ಪಿನ್ನುಗಳಿಗೆಲ್ಲ ಹಳದಿ ಮೆತ್ತಿಕೊಂಡಿತ್ತು. ಮೂಸಿದೆ. ಮೈ ಗಾಡ್, ಅರಿಷಿಣ!

ಬಾಗಿಲಲ್ಲಿ ಕಾಕಿ ಸೆರಗು ತಿರುವುತ್ತ ನಿಂತಿದ್ದರು. "ಥೇಟ್ ಕಳಸದಂಗ ಐತ್ರಿ ಅದು. ನಿಮ್ಮ ಆಯುಧ ಅಂತ ತಗದು ಅರಿಷಿಣ-ಕುಂಕುಮ ಹಚ್ಚಿದ್ನಿ. ಬೈತೀರಿ ಅಂತ ಗಾಜು ಒರಸಿ ಕೂಡಿಸಿಟ್ಟೆ. ಬುಡ ಮರತೆ."

ಗುಡುಗಿಗೆ ಕಾದೆ. ಕಾಕಾ ಪಿನ್ನುಗಳನ್ನು ಸ್ಪಿರಿಟ್ಟಿನಲ್ಲಿ ಒರೆಸಿ ವಾಲ್ವು ಕೂಡಿಸಿದರು. ಆರು ಗಂಟೆ. ವಾಲ್ವು ಕೆಂಪಾಯಿತು.

"ಲೇ, ಸಿಟ್ಟಾಗಬ್ಯಾಡೋ. ನಿಮ್ಮ ವೈನಿ ನಿನಗೂ ಸೇರಿಸಿ ಪೂಜಿ ಮಾಡಿದ್ಲು. ಇದ್ದೀಯೇನ್ಲೇ?"

ಬರೀ ಗುಂಯ್. ನಾವು ಮೂವರೂ ಸೆಟ್ಟಿಗೆ ಕಿವಿ ಹಚ್ಚಿ ಕೂತೆವು.

ಟಕ್. ಟಕ್.

ಮತ್ತೆ ಟಕ್. ಟಕ್. ಎರಡಕ್ಕೆ ನಿಲ್ಲಲೇ ಇಲ್ಲ. ಐದು ದಿನದ್ದೆಲ್ಲ ಹೇಳುತ್ತಲೇ ಇದ್ದರು. ಕಾಕಾ ಕಣ್ಣು ಮುಚ್ಚಿ, "ಹೂಂ... ಹೂಂ..." ಎಂದು ಕೇಳುತ್ತ ಕೂತರು. ಚಹಾ ಅವತ್ತೂ ಆರಿತು. ನಾನು ಗೊಣಗಲಿಲ್ಲ.