ಕಾರ್ವೆಲ್ ನೀರಿನ ಎರಡೂ ಕಡೆಯ ವಾದ

ಇಂದ:
ಮಾರ್ಲಾ ಸ್ಟಾನಿಚ್,
ರಾಜಕೀಯ ವರದಿಗಾರ್ತಿ (ಸದ್ಯ ಅಮಾನತಿನಲ್ಲಿ),
‘ಕಾರ್ವೆಲ್ ಹೆರಾಲ್ಡ್’ ದಿನಪತ್ರಿಕೆ, ಕಾರ್ವೆಲ್, ಒಹಾಯೊ.

ಗೆ:
ಮಾನ್ಯ ಅಧ್ಯಕ್ಷರು,
ಪತ್ರಿಕಾ ಪ್ರಾಮಾಣಿಕತೆ ಸುಧಾರಣಾ ಸಮಿತಿ,
ಅದೇ ಪತ್ರಿಕೆ, ಮೇಲಿನ ಮಹಡಿ.

ವಿಷಯ: ಕ್ಷಮೆ ಕೇಳುವ ವಿಧಾನದಲ್ಲಿ ಅಲ್ಪ ಸಡಿಲಿಕೆ ಕೋರಿ.
ಉಲ್ಲೇಖ: ಅರ್ಜಿದಾರಳ ಮೇಲೆ ಹೊರಡಿಸಲಾದ ತಮ್ಮ ಅಮಾನತು ಆದೇಶ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ನಿವೇದಿಸಿಕೊಳ್ಳುವುದೇನೆಂದರೆ:

೧. ಅರ್ಜಿದಾರಳು ಈ ಪತ್ರಿಕೆಗೆ ರಾಜಕೀಯ ಬರೆಯುತ್ತಲೇ ಕೂದಲು ನರೆಸಿಕೊಂಡವಳು. ಕಳೆದ ವಸಂತದಲ್ಲಿ ಊರಿನ ನಲ್ಲಿಗಳಲ್ಲಿ ಕಂದು ನೀರು ಬರತೊಡಗಿದಾಗ, ರಾಜ್ಯದ ಸೆನೆಟರ್ ವೆಂಡೆಲ್ ಗ್ರಾಫ್ಟನ್ ಅವರು ಪುರಭವನದ ಮೆಟ್ಟಿಲ ಮೇಲೆ ನಿಂತು, ಕ್ಯಾಮೆರಾಗಳ ಮುಂದೆ ಒಂದು ಲೋಟ ನೀರನ್ನು ಎತ್ತಿ ಹಿಡಿದು, ಅದು ಶುದ್ಧವಾಗಿದೆ ಎಂದು ಘೋಷಿಸಿದರು. ಎತ್ತಿ ಹಿಡಿದದ್ದನ್ನು ಎಲ್ಲರೂ ನೋಡಿದರು. ಕುಡಿದದ್ದನ್ನು ಯಾರೂ ನೋಡಲಿಲ್ಲ.

೨. ಅದೇ ಸಂಜೆ ಸೆನೆಟರ್ ಅವರೇ ಅರ್ಜಿದಾರಳಿಗೆ ಫೋನ್ ಮಾಡಿದರು. ತಮ್ಮ ಎದುರಾಳಿಯಾದ ಮೇಯರ್ ತಲೆಯ ಮೇಲೆ ಗೂಬೆ ಕೂರಿಸುವುದು ಅವರ ಇರಾದೆಯಾಗಿತ್ತು. ಹೆಸರು ಹಾಕುವುದಿಲ್ಲವೆಂದು ಮೊದಲು ಮಾತು ಪಡೆದರು. ಆಮೇಲೆ, “ಆ ಹಳೇ ಪೈಪುಗಳು ಸೀಸ ಬಿಡ್ತಾ ಇವೆ ಮಾರ್ಲಾ. ನಮ್ಮನೇಲಿ ನಾಯಿಗೂ ಬಾಟ್ಲಿ ನೀರೇ ಹಾಕ್ತೀವಿ” ಎಂದರು.

೩. ಅರ್ಜಿದಾರಳು ನೀರನ್ನು ಪ್ರಯೋಗಾಲಯಕ್ಕೆ ಕಳಿಸಿದಳು. ಸೀಸವೆಂಬ ವಿಷಲೋಹ ಇದೆ ಎಂದೂ ಕುದಿಸಿದರೆ ಅದು ಹೋಗುವುದಿಲ್ಲ ಎಂದೂ ವರದಿ ಬಂತು. ಆದರೆ ಸಂಪಾದಕ ಕ್ಲಿಫ್ ಬ್ರೂಬೇಕರ್ ಅವರು, “ನೀರು ಕೆಟ್ಟಿದೆ ಅಂತ ಹೇಳೋಕೆ ನಾವ್ಯಾರು? ಒಬ್ಬರು ಹೀಗಂದ್ರು, ಇನ್ನೊಬ್ಬರು ಹಾಗಂದ್ರು ಅಂತ ಬರಿ. ಪ್ರಾಮಾಣಿಕತೆ ಅಂದ್ರೆ ಅದು” ಎಂದು ತಿಳಿಹೇಳಿದರು. ಪ್ರಯೋಗಾಲಯವು ಯಾವ ಪಕ್ಷಕ್ಕೂ ಸೇರದ ಕಾರಣ ಅದರ ಮಾತನ್ನು ಕೈಬಿಡಲಾಯಿತು. ಪೈಪಿನ ಸುದ್ದಿಯ ಮೂಲ ಯಾರೆಂದು ಬ್ರೂಬೇಕರ್ ಅವರಿಗೆ ಗೊತ್ತಿತ್ತು. ಆದರೂ ಮುಖಪುಟದಲ್ಲಿ ‘ನೀರು ಶುದ್ಧ: ಸೆನೆಟರ್ ಗ್ರಾಫ್ಟನ್; ಶುದ್ಧವಲ್ಲ: ಹೆಸರು ಹೇಳಲಿಚ್ಛಿಸದ ಹಿರಿಯ ರಾಜಕಾರಣಿ’ ಎಂದು ಅಚ್ಚಾಯಿತು. ಹೀಗೆ ಒಬ್ಬರೇ ಮಹನೀಯರು ತಮ್ಮನ್ನು ತಾವೇ ಖಂಡಿಸಿಕೊಂಡು ಪತ್ರಿಕೆಯ ಸಮತೋಲನವನ್ನು ಕಾಪಾಡಿದರು. ಆ ವರದಿಗೆ ನಿಷ್ಪಕ್ಷಪಾತತೆಗಾಗಿ ಒಂದು ಪ್ರಶಸ್ತಿಯೂ ಬಂತು.

೪. ಬೇಸಿಗೆಯಲ್ಲಿ ಅರ್ಜಿದಾರಳಿಗೆ ಮಕ್ಕಳ ಆಸ್ಪತ್ರೆಯಲ್ಲಿ ಡೋನಾ ರೇ ಪಿಕೆಟ್ ಎಂಬ ಅಜ್ಜಿ ಸಿಕ್ಕರು. ಮಗಳನ್ನು ಕಳೆದುಕೊಂಡು, ಅವಳ ಹಸುಗೂಸನ್ನು ಸಾಕುತ್ತಿದ್ದವರು. ಕೂಸಿನ ರಕ್ತದಲ್ಲಿ ಸೀಸ ಸೇರಿತ್ತು. ಮುಂದೆ ಅದರ ಮಾತು, ಬುದ್ಧಿ ಹೇಗೋ ಏನೋ, ಈಗಲೇ ಹೇಳಲಾಗದು ಎಂದಿದ್ದರು ವೈದ್ಯರು. ಅಜ್ಜಿ ಬೈಯಲಿಲ್ಲ. “ನಿಮ್ಮ ಪೇಪರ್ ಓದ್ದೆ ಕಣಮ್ಮ. ದೊಡ್ಡೋರೇ ಒಬ್ಬರು ಹೌದು ಅಂತಾರೆ, ಒಬ್ಬರು ಅಲ್ಲ ಅಂತಾರೆ. ಯಾವುದಕ್ಕೂ ಇರಲಿ ಅಂತ ಚೆನ್ನಾಗಿ ಕುದಿಸೇ ಹಾಲಿನ ಪುಡಿ ಕಲಸ್ತಿದ್ದೆ” ಎಂದರು.

೫. ಅರ್ಜಿದಾರಳು ಆಸ್ಪತ್ರೆಯ ಅಂಗಳದಿಂದಲೇ ಸೆನೆಟರ್ ಅವರಿಗೆ ಫೋನ್ ಮಾಡಿ, ಅಂದು ಹೇಳಿದ್ದನ್ನು ಈಗಲಾದರೂ ಹೆಸರು ಹಾಕಿಸಿಕೊಂಡು ಹೇಳಿರೆಂದು ಬೇಡಿಕೊಂಡಳು. “ನಾನ್ಯಾವಾಗ ಹಾಗಂದೆ?” ಎಂದು ಅವರು ನಕ್ಕರು. ಬ್ರೂಬೇಕರ್ ಅವರು ಈರಿ ಸರೋವರಕ್ಕೆ ಮೀನು ಹಿಡಿಯಲು ಹೋಗಿದ್ದ ಕಾರಣ, ಮರುದಿನದ ಪತ್ರಿಕೆಯಲ್ಲಿ ಸೆನೆಟರ್ ಹೆಸರೂ ನಾಯಿಯ ಬಾಟಲಿಯೂ ಪ್ರಯೋಗಾಲಯದ ವರದಿಯೂ ಪೂರ್ತಿಯಾಗಿ ಅಚ್ಚಾದವು. ವಾರದೊಳಗೆ ಮನೆಮನೆಗೆ ಬಾಟಲಿ ನೀರು ಬಂತು. ಸೆನೆಟರ್ ಅವರು ಟಿವಿಯಲ್ಲಿ, ಶುದ್ಧ ನೀರಿಗಾಗಿ ತಾವು ಮೊದಲಿನಿಂದಲೂ ಹೋರಾಡಿದವರೆಂದು ಕಣ್ಣೊರೆಸಿಕೊಂಡರು.

೬. ಕೊಟ್ಟ ಮಾತನ್ನು ಅರ್ಜಿದಾರಳು ಮುರಿದದ್ದು ನಿಜ. ಅದಕ್ಕೆ ಶಿಕ್ಷೆಯಾಗಬೇಕಾದದ್ದೇ. ಅಧ್ಯಕ್ಷರಾದ ತಾವು ಈ ಹಿಂದೆ ಸೆನೆಟರ್ ಅವರ ಪತ್ರಿಕಾ ಕಾರ್ಯದರ್ಶಿಯಾಗಿದ್ದ ಕಾರಣ ತಮಗೆ ಪ್ರಾಮಾಣಿಕತೆಯ ಒಳಹೊರಗು ಚೆನ್ನಾಗಿ ತಿಳಿದಿದೆ. ಆದ್ದರಿಂದ ತಮ್ಮ ತೀರ್ಪನ್ನು ಅರ್ಜಿದಾರಳು ಪ್ರಶ್ನಿಸುವುದಿಲ್ಲ. ಯಾರ್ಯಾರ ಕ್ಷಮೆ ಕೇಳಬೇಕೆಂಬ ಆದೇಶದಲ್ಲಿ ಡೋನಾ ರೇ ಅವರ ಹೆಸರು ಎಲ್ಲಿಯೂ ಇಲ್ಲದ ಕಾರಣ, ಅವರ ಕ್ಷಮೆಯನ್ನು ಅರ್ಜಿದಾರಳು ಸಮಿತಿಯ ಅನುಮತಿಯಿಲ್ಲದೆ, ಅವರ ಮನೆಯ ಹೊಸ್ತಿಲಲ್ಲಿ ನಿಂತು ಕೇಳಿ ಬಂದಿದ್ದಾಳೆ. ಅವರು ಒಳಗೆ ಕರೆದು ಕೂರಿಸಿದರು. ಕ್ಷಮಿಸಿದೆ ಎಂದೇನೂ ಹೇಳಲಿಲ್ಲ.

೭. ಅವಮಾನಿತರಾದ ಸೆನೆಟರ್ ಅವರಿಗೂ, ವಂಚಿತರಾದ ಅನಾಮಿಕ ಸುದ್ದಿಮೂಲಕ್ಕೂ ಪ್ರತ್ಯೇಕವಾಗಿ ಕ್ಷಮಾಪಣೆ ಪತ್ರ ಕಳಿಸತಕ್ಕದ್ದೆಂದು ತಮ್ಮ ಆದೇಶವಿದೆ. ಎರಡೂ ಒಂದೇ ಬಾಗಿಲಿಗೆ ಹೋಗಿ ಬೀಳುವ ಕಾರಣ, ಒಂದೇ ಲಕೋಟೆಯಲ್ಲಿ ಕಳಿಸಲು ಅನುಮತಿ ನೀಡಬೇಕಾಗಿ ಪ್ರಾರ್ಥನೆ. ಸಮತೋಲನದ ದೃಷ್ಟಿಯಿಂದ ಎರಡು ಬೇಕೇಬೇಕು ಎನ್ನುವುದಾದಲ್ಲಿ, ಒಬ್ಬರು ಕ್ಷಮಿಸಿ ಇನ್ನೊಬ್ಬರು ಕ್ಷಮಿಸದೆ ಹೋದರೆ ಯಾರ ಮಾತನ್ನು ಅಚ್ಚು ಹಾಕಬೇಕೆಂದು ಲಿಖಿತವಾಗಿ ತಿಳಿಸುವುದು.

ಇಂತಿ, ಅಮಾನತಿನಲ್ಲೂ ತಮ್ಮ ವಿಶ್ವಾಸಿ,
ಮಾರ್ಲಾ ಸ್ಟಾನಿಚ್

ಲಗತ್ತುಗಳು:
ಅ) ಪ್ರಯೋಗಾಲಯದ ವರದಿ.
ಆ) ಪತ್ರಿಕೆಯು ಆನಂತರ ಪ್ರಕಟಿಸಿದ ಏಕೈಕ ತಿದ್ದುಪಡಿ (ಸೆನೆಟರ್ ಅವರ ಇನಿಷಿಯಲ್ ತಪ್ಪಾಗಿತ್ತು).
ಇ) ಡೋನಾ ರೇ ಪಿಕೆಟ್ ಅವರ ಅಡುಗೆಮನೆಯ ನಲ್ಲಿ ನೀರು, ಒಂದು ಬಾಟಲಿ. ಸಮಿತಿಯ ಸದಸ್ಯರು ಎರಡೂ ಕಡೆಯ ವಾದವನ್ನು ಕೂಲಂಕಷವಾಗಿ ಆಲಿಸಿ, ನಂತರ ಕುಡಿಯಬೇಕಾಗಿ ವಿನಂತಿ.